ಮಾನಿಟರ್ ಇಲ್ಲದ ಸಿಪಿಯುಗೆ ಟ್ಯಾಬ್ ಅನ್ನೇ ಪರದೆ ಮಾಡಿಕೊಳ್ಳಿ: ಯಾವುದು ಮೊದಲು, ಯಾವುದು ಆಮೇಲೆ

ಮೈಸೂರಿನ ದೇವರಾಜ ಅರಸು ರಸ್ತೆಯ ಯಾವ ಮೊಬೈಲ್ ಅಂಗಡಿಗೆ ಹೋಗಿ "ಟ್ಯಾಬ್‌ಗೆ ಎಚ್‌ಡಿಎಂಐ ಹಾಕೋ ಕೇಬಲ್ ಕೊಡಿ" ಅಂದರೂ ಒಂದು ಕೇಬಲ್ ಕೊಡುತ್ತಾರೆ. ಒಂದು ತುದಿ ಟೈಪ್-ಸಿ, ಇನ್ನೊಂದು ತುದಿ ಎಚ್‌ಡಿಎಂಐ. ಮನೆಗೆ ತಂದು ಸಿಪಿಯುಗೂ ಟ್ಯಾಬ್‌ಗೂ ಸಿಕ್ಕಿಸಿದರೆ ಏನೂ ಬರಲ್ಲ. ಕೇಬಲ್ ಕೆಟ್ಟಿಲ್ಲ, ಟ್ಯಾಬೂ ಕೆಟ್ಟಿಲ್ಲ. ಆ ಕೇಬಲ್ ಇರುವುದೇ ಟ್ಯಾಬ್‌ನ ಚಿತ್ರವನ್ನು ಟಿವಿಗೆ ಕಳಿಸಲಿಕ್ಕೆ. ಅದು ಒನ್‌ವೇ ರಸ್ತೆ, ಎದುರಿನಿಂದ ಗಾಡಿ ಬರುವ ಹಾಗಿಲ್ಲ. ಲೆನೊವೊ ಯೋಗ ಟ್ಯಾಬ್ 13ರಂಥ ಬೆರಳೆಣಿಕೆಯ ಮಾದರಿಗಳಲ್ಲಿ ಮಾತ್ರ ಹೊರಗಿನ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಕಿಂಡಿ ಇದೆ. ನಿಮ್ಮ ಟ್ಯಾಬ್ ಅಂಥದ್ದಲ್ಲ ಅಂತಲೇ ಇಟ್ಟುಕೊಳ್ಳಿ.

ಎರಡನೇ ತಪ್ಪು ಇದಕ್ಕಿಂತ ಜಾಸ್ತಿ ಜನ ಮಾಡುವುದು. ರಿಮೋಟ್ ಆ್ಯಪ್ ಒಂದು ಹಾಕಿಕೊಂಡು, ಒಂದು ಸಲ ಕನೆಕ್ಟ್ ಆದ ಖುಷಿಯಲ್ಲಿ ಮಾನಿಟರ್ ಕಿತ್ತು ತಮ್ಮನಿಗೆ ಕೊಟ್ಟುಬಿಡುವುದು. ಮರುದಿನ ಕರೆಂಟ್ ಹೋಗಿ ಬಂದ ಮೇಲೆ ಸಿಪಿಯು ಫ್ಯಾನ್ ತಿರುಗುತ್ತಿರುತ್ತದೆ, ಟ್ಯಾಬ್‌ನಲ್ಲಿ ಏನೂ ಕಾಣಲ್ಲ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ತಂತಿಯಿಂದ ಬರುವ ಪರದೆ ಯಾವುದಾದರೂ ಒಂದು ಏಳನೇ ಹಂತದವರೆಗೂ ಸಿಪಿಯುಗೆ ಸಿಕ್ಕಿಸಿಯೇ ಇರಲಿ.

## ಮೊದಲು ಇದು ಗೊತ್ತಿರಲಿ: ದಾರಿ ಎರಡು

ಒಂದು, ತಂತಿ ದಾರಿ. ಸಿಪಿಯುನ ಎಚ್‌ಡಿಎಂಐಗೆ ಕ್ಯಾಪ್ಚರ್ ಕಾರ್ಡ್ ಅನ್ನುವ ಚಿಕ್ಕ ಡಾಂಗಲ್ ಹಾಕುವುದು, ಅದನ್ನು ಟ್ಯಾಬ್‌ಗೆ ಜೋಡಿಸುವುದು. ಟ್ಯಾಬ್ ಅದನ್ನು ಯುಎಸ್‌ಬಿ ಕ್ಯಾಮೆರಾ ಅಂತ ತಿಳಿದುಕೊಂಡು ಚಿತ್ರ ತೋರಿಸುತ್ತದೆ. ಸ್ವಿಚ್ ಹಾಕಿದ ಕ್ಷಣದಿಂದ, ಬಯಾಸ್ (ವಿಂಡೋಸ್ ಏಳುವ ಮೊದಲು ಬರುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಪರದೆ ಸಮೇತ, ಎಲ್ಲವೂ ಕಾಣುತ್ತದೆ.

ಇನ್ನೊಂದು, ನೆಟ್‌ವರ್ಕ್ ದಾರಿ. ವಿಂಡೋಸ್ ಅಥವಾ ಲಿನಕ್ಸ್ ಪೂರ್ತಿ ಎದ್ದ ಮೇಲೆ ಅದರ ಡೆಸ್ಕ್‌ಟಾಪ್ ಅನ್ನು ವೈಫೈ ಮೂಲಕ ಟ್ಯಾಬ್‌ಗೆ ತರುವುದು. ದಿನನಿತ್ಯದ ಕೆಲಸಕ್ಕೆ ಇದೇ ಹಿತ. ಆದರೆ ಬಯಾಸ್ ಅನ್ನಾಗಲಿ, ಬೂಟ್ ಆಗುವಾಗ ಬರುವ ಎರರ್ ಅನ್ನಾಗಲಿ ಯಾವ ರಿಮೋಟ್ ಆ್ಯಪೂ ತೋರಿಸಲ್ಲ.

ಎರಡೂ ಬೇಕು. ತಂತಿ ದಾರಿ ಸೆಟಪ್ಪಿಗೆ ಮತ್ತು ಕೈಕೊಟ್ಟ ದಿನಕ್ಕೆ, ನೆಟ್‌ವರ್ಕ್ ದಾರಿ ಉಳಿದ ಎಲ್ಲ ದಿನಕ್ಕೆ.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

ಕ್ಯಾಪ್ಚರ್ ಡಾಂಗಲ್, ಎರಡೂ ತುದಿ ಒಂದೇ ಥರ ಇರುವ ಸಾಮಾನ್ಯ ಎಚ್‌ಡಿಎಂಐ ಕೇಬಲ್, ಟೈಪ್-ಸಿಯಿಂದ ದೊಡ್ಡ ಯುಎಸ್‌ಬಿಗೆ ಹೋಗುವ ಒಟಿಜಿ (ಟ್ಯಾಬ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಅಡಾಪ್ಟರ್, ರೂಟರ್‌ಗೆ ಒಂದು ಲ್ಯಾನ್ ಕೇಬಲ್, ಒಂದು ಕೀಬೋರ್ಡ್, ಒಂದು ಮೌಸ್. ಇಷ್ಟೇ.

ಅಗ್ಗದ ಡಾಂಗಲ್‌ನ ಡಬ್ಬಿ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿರುತ್ತದೆ. ಅದು ಒಳಗೆ ತೆಗೆದುಕೊಳ್ಳುವ ಸಿಗ್ನಲ್ ಲೆಕ್ಕ. ಯುಎಸ್‌ಬಿ 2.0 ಡಾಂಗಲ್ ಹೊರಗೆ ಕೊಡುವುದು ಹೆಚ್ಚೆಂದರೆ 1080ಪಿ, ಸೆಕೆಂಡಿಗೆ 30 ಫ್ರೇಮ್. ನಮ್ಮ ಕೆಲಸಕ್ಕೆ ಅದು ಧಾರಾಳ, ಜಾಸ್ತಿ ದುಡ್ಡು ಕೊಡಬೇಡಿ.

ಟ್ಯಾಬ್‌ಗೆ ಒಟಿಜಿ ಇದೆಯೋ ಇಲ್ಲವೋ ಅಂತ ಅಡಾಪ್ಟರ್‌ಗೆ ಪೆನ್‌ಡ್ರೈವ್ ಹಾಕಿ ನೋಡಿಕೊಳ್ಳಿ. ಪೆನ್‌ಡ್ರೈವ್ ಕಾಣದಿದ್ದರೆ ಡಾಂಗಲೂ ಕಾಣಲ್ಲ. ಐಪ್ಯಾಡ್ ಆದರೆ ಟೈಪ್-ಸಿ ಕಿಂಡಿ ಇರಬೇಕು, ಐಪ್ಯಾಡ್‌ಓಎಸ್ 17 ಅಥವಾ ಅದಕ್ಕಿಂತ ಹೊಸದು ಇರಬೇಕು. ಲೈಟ್ನಿಂಗ್ ಕಿಂಡಿಯ ಹಳೇ ಐಪ್ಯಾಡ್‌ಗೆ ತಂತಿ ದಾರಿ ಇಲ್ಲ.

ಸಿಪಿಯು ಹಿಂಭಾಗವನ್ನೂ ಒಂದು ಸಲ ತಿರುಗಿಸಿ ನೋಡಿ. ಆಫೀಸಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಸಿಪಿಯುಗಳಲ್ಲಿ ಎಚ್‌ಡಿಎಂಐ ಇರದೆ ಡಿಸ್‌ಪ್ಲೇಪೋರ್ಟ್ ಇರಬಹುದು, ಅದಕ್ಕೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬೇಕು. ಬರೀ ವಿಜಿಎ ಇದ್ದರೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಸುಮ್ನೆ ಪಿನ್ ಬದಲಿಸುವ ಕೇಬಲ್ ನಡೆಯಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲ್ ಸಿಕ್ಕಿಸಬೇಕಾದದ್ದು ಅದರ ಕಿಂಡಿಗೆ, ಮದರ್‌ಬೋರ್ಡ್‌ನದ್ದಕ್ಕಲ್ಲ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸೇ ಇರಲ್ಲ, ಅಂಥದ್ದರಲ್ಲಿ ಮದರ್‌ಬೋರ್ಡ್‌ನ ಎಚ್‌ಡಿಎಂಐ ಬರೀ ಅಲಂಕಾರ.

ಕೀಬೋರ್ಡ್ ತಂತಿಯದ್ದೋ ಚಿಕ್ಕ ಯುಎಸ್‌ಬಿ ರಿಸೀವರ್ ಇರುವುದೋ ಆಗಲಿ. ಬ್ಲೂಟೂತ್ ಕೀಬೋರ್ಡ್ ಬಯಾಸ್‌ನಲ್ಲಿ ಸಾಮಾನ್ಯವಾಗಿ ಕೆಲಸ ಮಾಡಲ್ಲ.

## ಹಂತ 2: ತಂತಿಯಿಂದ ಚಿತ್ರ ತನ್ನಿ

ಇಲ್ಲಿ ಯಾವುದನ್ನು ಮೊದಲು ಆನ್ ಮಾಡುತ್ತೀರಿ ಅನ್ನುವುದೇ ಮುಖ್ಯ. ಡಾಂಗಲ್‌ಗೆ ಕರೆಂಟ್ ಬರುವುದು ಟ್ಯಾಬ್‌ನಿಂದ. ಸಿಪಿಯು ಮೊದಲು ಎದ್ದುಬಿಟ್ಟರೆ, ಆಚೆ ಕಡೆ ಪರದೆ ಇಲ್ಲ ಅಂತ ತಿಳಿದು ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳು ಆ ಕಿಂಡಿಗೆ ಚಿತ್ರವನ್ನೇ ಕಳಿಸಲ್ಲ.

1. ಸಿಪಿಯು ಆಫ್ ಇರಲಿ. ಎಚ್‌ಡಿಎಂಐ ಕೇಬಲ್ ಸಿಪಿಯುಗೂ ಡಾಂಗಲ್‌ಗೂ ಹಾಕಿ.

2. ಕೀಬೋರ್ಡ್, ಮೌಸ್ ಸಿಪಿಯುಗೆ ಹಾಕಿ, ಟ್ಯಾಬ್‌ಗಲ್ಲ. ಕ್ಯಾಪ್ಚರ್ ಕಾರ್ಡ್ ತರುವುದು ಚಿತ್ರ ಮಾತ್ರ, ಟ್ಯಾಬ್ ಪರದೆ ಮುಟ್ಟಿದರೆ ಸಿಪಿಯುಗೆ ಗೊತ್ತೇ ಆಗಲ್ಲ.

3. ಟ್ಯಾಬ್‌ನಲ್ಲಿ ಯುಎಸ್‌ಬಿ ಕ್ಯಾಮೆರಾ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡು ತೆರೆಯಿರಿ. ಯುವಿಸಿ ಅಂತ ಬರೆದಿರುವ ಯಾವುದಾದರೂ ನಡೆಯುತ್ತದೆ. ಕ್ಯಾಮೆರಾ ಅನುಮತಿ ಕೇಳಿದರೆ ಕೊಡಿ. ಆಂಡ್ರಾಯ್ಡ್ 10ರಿಂದ ಈಚೆಗೆ ಈ ಅನುಮತಿ ಇಲ್ಲದೆ ಡಾಂಗಲ್ ತೆರೆಯಲ್ಲ, "ನಾನು ಕ್ಯಾಮೆರಾ ಬಳಸ್ತಿಲ್ವಲ್ಲ" ಅಂತ ಬೇಡ ಒತ್ತಿದವರೆಲ್ಲ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

4. ಈಗ ಡಾಂಗಲ್ ಸಿಕ್ಕಿಸಿ. ಈ ಸಾಧನ ಬಳಸಬಹುದೇ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ, ಸರಿ ಅನ್ನಿ. ಕಪ್ಪು, ನೀಲಿ ಅಥವಾ ಬಣ್ಣದ ಪಟ್ಟಿಗಳು ಕಂಡರೆ ಡಾಂಗಲ್ ಸರಿಯಿದೆ, ಸಿಗ್ನಲ್‌ಗೆ ಕಾಯುತ್ತಿದೆ ಅಂತ ಅರ್ಥ.

5. ಕೊನೆಗೆ ಸಿಪಿಯು ಆನ್ ಮಾಡಿ. ಮದರ್‌ಬೋರ್ಡ್ ಕಂಪನಿಯ ಲೋಗೊ ಬರಬೇಕು.

ಚಿತ್ರ ಬಂದರೂ ಮೌಸ್ ತಡವರಿಸಿ ತಡವರಿಸಿ ಹೋಗುತ್ತಿದೆಯಾ? ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಫಾರ್ಮ್ಯಾಟ್ ನೋಡಿ. ವೈಯುವೈ2 ಅಂತಿದ್ದರೆ ಎಂಜೆಪೆಗ್‌ಗೆ ಬದಲಿಸಿ. ಅಗ್ಗದ ಡಾಂಗಲ್‌ಗಳಲ್ಲಿ ವೈಯುವೈ2 ಇಟ್ಟರೆ 1080ಪಿಯಲ್ಲಿ ಸೆಕೆಂಡಿಗೆ 5 ಫ್ರೇಮ್ ಬಂದರೆ ಹೆಚ್ಚು. ಬದಲಿಸಿದ ಮೇಲೂ ಕೈಗೂ ಕಣ್ಣಿಗೂ ಕೊಂಚ ಅಂತರ ಇರುತ್ತದೆ, ಅದು ಹೋಗಲ್ಲ. ಗೇಮ್ ಆಡುವ ಆಸೆ ಇಲ್ಲೇ ಬಿಟ್ಟುಬಿಡಿ.

ಡಾಂಗಲ್ ಟ್ಯಾಬ್‌ನ ಬ್ಯಾಟರಿ ತಿನ್ನುತ್ತದೆ, ಒಂದೇ ಕಿಂಡಿ ಇರುವುದರಿಂದ ಚಾರ್ಜರೂ ಹಾಕಲಿಕ್ಕಾಗಲ್ಲ. ತಾಸುಗಟ್ಟಲೆ ಕೂರುವವರು ಚಾರ್ಜಿಂಗ್ ಕಿಂಡಿ ಇರುವ ಟೈಪ್-ಸಿ ಹಬ್ ತೆಗೆದುಕೊಳ್ಳಿ. ಕೊಳ್ಳುವ ಮೊದಲು ನಿಮ್ಮ ಟ್ಯಾಬ್ ಅಂಗಡಿಗೇ ಒಯ್ದು ಹಾಕಿ ನೋಡಿ, ಕೆಲವು ಟ್ಯಾಬ್‌ಗಳು ಚಾರ್ಜ್ ಆಗುವಾಗ ಒಟಿಜಿಯನ್ನು ನಿಲ್ಲಿಸಿಬಿಡುತ್ತವೆ.

ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮನಸ್ಸೇ ಇಲ್ಲದಿದ್ದರೆ ಹಾಲ್‌ನಲ್ಲಿರುವ ಟಿವಿಗೆ ಎಚ್‌ಡಿಎಂಐ ಹಾಕಿ ಮುಂದಿನ ಹಂತಗಳನ್ನು ಮುಗಿಸಿ. ಧಾರಾವಾಹಿ ಹೊತ್ತು ಬಿಟ್ಟು.

## ಹಂತ 3: ಬಯಾಸ್‌ನಲ್ಲಿ ನಾಲ್ಕು ಕೆಲಸ

ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ. ಕೆಲವು ಕಂಪನಿಗಳಲ್ಲಿ ಎಫ್10. ಒಳಗೆ ಹೋದ ಮೇಲೆ ಹೆಸರುಗಳು ಒಂದೊಂದು ಬೋರ್ಡ್‌ನಲ್ಲಿ ಒಂದೊಂದು ಥರ ಇರುತ್ತವೆ, ಅರ್ಥ ನೋಡಿ ಹುಡುಕಬೇಕು.

1. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆ. "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಅಥವಾ "ಎಸಿ ರಿಕವರಿ" ಅಂತಿರುತ್ತದೆ. "ಪವರ್ ಆನ್" ಮಾಡಿ. ನಮ್ಮ ಕಡೆ ಮಳೆಗಾಲದಲ್ಲಿ ಇದೊಂದೇ ಅರ್ಧ ತಲೆನೋವು ಕಳೆಯುತ್ತದೆ.

2. "ಹಾಲ್ಟ್ ಆನ್" ಅಥವಾ ಕೀಬೋರ್ಡ್ ಎರರ್. ಇದು ಆನ್ ಇದ್ದರೆ ಕೀಬೋರ್ಡ್ ಕಿತ್ತ ದಿನ ಸಿಪಿಯು "ಕೀಬೋರ್ಡ್ ಇಲ್ಲ, ಎಫ್1 ಒತ್ತಿ" ಅಂತ ಹೇಳಿ ನಿಂತುಬಿಡುತ್ತದೆ. ಇಲ್ಲದ ಕೀಬೋರ್ಡ್‌ನಲ್ಲಿ ಎಫ್1 ಒತ್ತುವುದು ಹೇಗೋ! ಎರರ್‌ಗೆ ನಿಲ್ಲಬೇಡ ಅನ್ನುವ ಆಯ್ಕೆ ಆರಿಸಿ.

3. "ವೇಕ್ ಆನ್ ಲ್ಯಾನ್" ಆನ್ ಮಾಡಿ, ಆಫ್ ಆಗಿರುವ ಸಿಪಿಯುವನ್ನು ಲ್ಯಾನ್ ಮೂಲಕ ದೂರದಿಂದ ಎಬ್ಬಿಸುವ ಸೌಲಭ್ಯ ಇದು.

4. "ಇಆರ್‌ಪಿ" ಅಂತ ಕಂಡರೆ ಆಫ್ ಮಾಡಿ. ಅದು ಆನ್ ಇದ್ದರೆ ಮೆಷೀನ್ ಆಫ್ ಆದಾಗ ಲ್ಯಾನ್‌ಗೂ ಕರೆಂಟ್ ಕೊಡಲ್ಲ, ಮೂರನೆಯದು ವ್ಯರ್ಥ.

ಸೇವ್ ಮಾಡಿ ಹೊರಬನ್ನಿ. ಸೆಕ್ಯೂರ್ ಬೂಟ್, ಟಿಪಿಎಂ ಅಂತೆಲ್ಲ ಕಾಣುತ್ತದೆ. ಮುಟ್ಟಬೇಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇರುವ ಮೆಷೀನ್‌ನಲ್ಲಿ ಅವನ್ನು ಬದಲಿಸಿದರೆ ಮುಂದಿನ ಬೂಟ್‌ಗೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದೂ ರಿಮೋಟ್‌ನಲ್ಲಿ ಕಾಣದ ಪರದೆಯಲ್ಲಿ. ಆ ಕೀ ಎಲ್ಲಿದೆ ಅಂತ ಇವತ್ತೇ ನೋಡಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಬಿಡಿ.

## ಹಂತ 4: ವಿಂಡೋಸ್ ಒಳಗೆ

ಮೊದಲು ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋಗಿ ಹೋಂ ಇದೆಯೋ ಪ್ರೊ ಇದೆಯೋ ನೋಡಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಪ್ರೊ ಆದರೆ ಸಿಸ್ಟಂ ಅಡಿಯಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇದೆ, ಆನ್ ಮಾಡಿ. ಲಾಗಿನ್ ಆಗುವ ಮೊದಲೇ ಇದು ಕೆಲಸ ಶುರು ಮಾಡುತ್ತದೆ, ಟ್ಯಾಬ್‌ನ ಅಳತೆಗೆ ತಕ್ಕ ಹಾಗೆ ತನ್ನದೇ ಪರದೆ ಸೃಷ್ಟಿಸಿಕೊಳ್ಳುತ್ತದೆ, ಮಾನಿಟರ್ ಇದೆಯೋ ಇಲ್ಲವೋ ಕೇಳಲ್ಲ. ನನ್ನ ಓಟು ಇದಕ್ಕೇ.

ಹೋಂ ಆದರೆ ಈ ಮೆಷೀನ್‌ನಿಂದ ಬೇರೆಡೆಗೆ ರಿಮೋಟ್ ಮಾಡಬಹುದು, ಇದಕ್ಕೇ ಬೇರೆಡೆಯಿಂದ ಬರಲಿಕ್ಕಾಗಲ್ಲ. ಅದನ್ನು ತೆರೆಯುವ ಪ್ಯಾಚ್‌ಗಳು ಸಿಗುತ್ತವೆ. ಮುಂದಿನ ಅಪ್‌ಡೇಟ್ ಬಂದಾಗ ಅವು ಕೈಕೊಡುತ್ತವೆ, ಆಗ ನಿಮ್ಮ ಬಳಿ ಮಾನಿಟರ್ ಇರಲ್ಲ. ಬೇಡ. ಬದಲಿಗೆ ಟೈಟ್‌ವಿಎನ್‌ಸಿ ಅನ್ನುವ ರಿಮೋಟ್ ಪ್ರೋಗ್ರಾಂ ಅನ್ನು ಸರ್ವಿಸ್ ಆಗಿ (ಮೆಷೀನ್ ಎದ್ದ ಕೂಡಲೇ ತಾನೇ ಓಡುವ ಹಾಗೆ) ಹಾಕಿಕೊಳ್ಳಿ, ಇಲ್ಲವೇ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ವಿಎನ್‌ಸಿ ಮನೆಯೊಳಗಿನ ನೆಟ್‌ವರ್ಕ್‌ಗೆ ಮಾತ್ರ, ಯಾಕಂದರೆ ಅದರ ಪಾಸ್‌ವರ್ಡ್ ಎಂಟು ಅಕ್ಷರಕ್ಕೇ ಮುಗಿಯುತ್ತದೆ, ಚಿತ್ರವೂ ಗೂಢಲಿಪಿ ಇಲ್ಲದೆ ಹೋಗುತ್ತದೆ. ಕ್ರೋಮ್‌ನದ್ದಕ್ಕೆ ಇಂಟರ್‌ನೆಟ್ ಬೇಕು. ವಿಡಿಯೋ ನುಣ್ಣಗೆ ಓಡಬೇಕು ಅಂದರೆ ಸಿಪಿಯುನಲ್ಲಿ ಸನ್‌ಶೈನ್, ಟ್ಯಾಬ್‌ನಲ್ಲಿ ಮೂನ್‌ಲೈಟ್, ಎರಡೂ ಉಚಿತ.

ಯಾವುದೇ ಆಗಲಿ, ಇವಿಷ್ಟು ಮಾಡಲೇಬೇಕು:

1. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ "ನೆವರ್" ಇಡಿ. ನಿದ್ದೆ ಹೋದ ಮೆಷೀನ್ ರಿಮೋಟ್‌ಗೆ ಓಗೊಡಲ್ಲ.

2. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ದೂರದಿಂದ ಎಬ್ಬಿಸುವುದು ಕಷ್ಟ.

3. ನೆಟ್‌ವರ್ಕ್ ಪ್ರೊಫೈಲ್ "ಪ್ರೈವೇಟ್" ಮಾಡಿ. "ಪಬ್ಲಿಕ್" ಇದ್ದರೆ ಫೈರ್‌ವಾಲ್ ಬಾಗಿಲು ಹಾಕಿಕೊಂಡಿರಬಹುದು.

4. ಪಾಸ್‌ವರ್ಡ್ ಇರುವ ಲೋಕಲ್ ಅಕೌಂಟ್ ಒಂದನ್ನು ಮಾಡಿ, ಪ್ರೊ ಆದರೆ ಅದನ್ನು ರಿಮೋಟ್ ಡೆಸ್ಕ್‌ಟಾಪ್ ಬಳಕೆದಾರರ ಪಟ್ಟಿಗೆ ಸೇರಿಸಿ.

ನಾಲ್ಕನೆಯದನ್ನು ಯಾರೂ ಮಾಡಲ್ಲ, ಆಮೇಲೆ "ಪಾಸ್‌ವರ್ಡ್ ತಪ್ಪು ಅಂತ ಬರ್ತಿದೆ" ಅಂತ ಒದ್ದಾಡುತ್ತಾರೆ. ದಿನಾ ಬೆರಳಲ್ಲಿ ಒತ್ತುವ ನಾಲ್ಕಂಕಿ ಪಿನ್ ಇದೆಯಲ್ಲ, ಅದು ಆ ಮೆಷೀನ್ ಮುಂದೆ ಕೂತಾಗ ಮಾತ್ರ. ರಿಮೋಟ್‌ಗೆ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಡದ ಅಕೌಂಟ್ ಆದರೂ ವಿಂಡೋಸ್ ರಿಮೋಟ್‌ನಲ್ಲಿ ಒಳಗೆ ಬಿಡಲ್ಲ.

### ಲಿನಕ್ಸ್ ಇದ್ದವರಿಗೆ

ಉಬುಂಟು 24.04ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಮೋಟ್ ಡೆಸ್ಕ್‌ಟಾಪ್ ಅಂತ ಹೋದರೆ ಎರಡು ಭಾಗ ಇದೆ. "ಡೆಸ್ಕ್‌ಟಾಪ್ ಶೇರಿಂಗ್" ನೀವು ಮೊದಲೇ ಲಾಗಿನ್ ಆಗಿದ್ದರೆ ಮಾತ್ರ. ನಿಮಗೆ ಬೇಕಾದದ್ದು "ರಿಮೋಟ್ ಲಾಗಿನ್". ಜೊತೆಗೆ ಎಸ್‌ಎಸ್‌ಎಚ್ (ದೂರದಿಂದ ಬರೀ ಅಕ್ಷರದ ಆದೇಶ ಕೊಡುವ ದಾರಿ) ಸರ್ವರ್ ಹಾಕಿಕೊಳ್ಳಿ, ಡೆಸ್ಕ್‌ಟಾಪ್ ಬಿದ್ದರೂ ಅದು ಉಳಿದಿರುತ್ತದೆ. ಎಕ್ಸ್‌ಆರ್‌ಡಿಪಿ ಅನ್ನುವ ಬೇರೆ ರಿಮೋಟ್ ಸರ್ವರ್ ಬಳಸುವವರಿಗೆ ಬರೀ ಕಪ್ಪು ಪರದೆ ಬಂದರೆ, ಅದೇ ಬಳಕೆದಾರ ಮೆಷೀನ್‌ನಲ್ಲಿ ಮೊದಲೇ ಲಾಗಿನ್ ಆಗಿದ್ದಾನಾ ನೋಡಿ, ಲಾಗೌಟ್ ಮಾಡಿ. ವೈಫೈ ಪಾಸ್‌ವರ್ಡ್ ಒಬ್ಬ ಬಳಕೆದಾರನ ಹೆಸರಲ್ಲಿ ಮಾತ್ರ ಉಳಿದಿದ್ದರೆ ಲಾಗಿನ್ ಆಗುವವರೆಗೆ ನೆಟ್ ಬರಲ್ಲ, ನೆಟ್ ಬರುವವರೆಗೆ ಲಾಗಿನ್ ಆಗಲಿಕ್ಕಾಗಲ್ಲ. ಲ್ಯಾನ್ ಕೇಬಲ್ ಹಾಕಿ ಅಂದಿದ್ದು ಇದಕ್ಕೂ ಸೇರಿಸಿ.

## ಹಂತ 5: ರೂಟರ್

ಸಿಪಿಯು ಲ್ಯಾನ್ ಕೇಬಲ್‌ನಲ್ಲಿರಲಿ, ಟ್ಯಾಬ್ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ. ರೂಟರ್‌ನ ಪುಟಕ್ಕೆ ಹೋಗಿ ಸಿಪಿಯುನ ಮ್ಯಾಕ್ ವಿಳಾಸಕ್ಕೆ (ಲ್ಯಾನ್ ಕಿಂಡಿಗೆ ಅಂಟಿದ ಗುರುತು ಸಂಖ್ಯೆ) ಒಂದೇ ಐಪಿ (ನೆಟ್‌ವರ್ಕ್ ಒಳಗಿನ ವಿಳಾಸ) ಕಾಯಂ ಮಾಡಿ, ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಇದನ್ನು ಬಿಟ್ಟರೆ ನಿನ್ನೆ 192.168.1.5ರಲ್ಲಿದ್ದ ಸಿಪಿಯು ಇವತ್ತು ಇನ್ನೆಲ್ಲೋ ಇರುತ್ತದೆ. ಮ್ಯಾಕ್ ವಿಳಾಸವನ್ನೂ ಬರೆದಿಟ್ಟುಕೊಳ್ಳಿ, ಎಬ್ಬಿಸುವಾಗ ಬೇಕು.

ಸರಸ್ವತಿಪುರಂ, ಮಾನಸಗಂಗೋತ್ರಿ ಸುತ್ತ ಪಿಜಿಯಲ್ಲಿರುವ ಹುಡುಗರಿಗೆ ಬೇರೆ ತೊಂದರೆ. ಪಿಜಿ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ಅಡ್ಡ ಹಾಕಿರಬಹುದು. ಇಂಟರ್‌ನೆಟ್ ಎರಡಕ್ಕೂ ಬರುತ್ತದೆ, ಟ್ಯಾಬ್ ಮಾತ್ರ ಸಿಪಿಯುವನ್ನು ಹುಡುಕಲ್ಲ. ಓನರ್ ಹತ್ತಿರ ಜಗಳ ಆಡುವ ಬದಲು ಆಂಡ್ರಾಯ್ಡ್ ಟ್ಯಾಬ್ ಅನ್ನು ಡೇಟಾ ಕೇಬಲ್‌ನಲ್ಲಿ ಸಿಪಿಯುಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಎರಡರ ನಡುವೆಯೇ ಒಂದು ಚಿಕ್ಕ ನೆಟ್‌ವರ್ಕ್ ಆಗುತ್ತದೆ, ವೈಫೈಗಿಂತ ಚುರುಕಾಗೂ ಇರುತ್ತದೆ. ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಅಂತ ನೋಡುವುದರಿಂದ ಮತ್ತೆ "ಪ್ರೈವೇಟ್" ಮಾಡಬೇಕು.

## ಹಂತ 6: ಟ್ಯಾಬ್‌ನಿಂದ ಒಳಗೆ ಹೋಗಿ

ತಂತಿ ಪರದೆ ಇನ್ನೂ ಇರಲಿ. ವಿಎನ್‌ಸಿ, ಕ್ರೋಮ್ ಥರದ್ದನ್ನು ಆರಿಸಿದವರು ಟ್ಯಾಬ್‌ನಲ್ಲಿ ಅದರದೇ ಆ್ಯಪ್ ಹಾಕಿ. ರಿಮೋಟ್ ಡೆಸ್ಕ್‌ಟಾಪ್ ಆರಿಸಿದವರು ಮೈಕ್ರೋಸಾಫ್ಟ್‌ನ "ವಿಂಡೋಸ್ ಆ್ಯಪ್" ಹಾಕಿ, ಹಿಂದೆ ಇದೇ ರಿಮೋಟ್ ಡೆಸ್ಕ್‌ಟಾಪ್ ಅನ್ನುವ ಹೆಸರಲ್ಲಿತ್ತು. ಹೊಸ ಪಿಸಿ ಸೇರಿಸಿ, ಐಪಿ ಕೊಡಿ, ಬಳಕೆದಾರನ ಹೆಸರು, ಪಾಸ್‌ವರ್ಡ್. ಸರ್ಟಿಫಿಕೇಟ್ ನಂಬಬಹುದೇ ಅಂತ ಎಚ್ಚರಿಕೆ ಬರುತ್ತದೆ. ನಿಮ್ಮದೇ ಮನೆ, ನಿಮ್ಮದೇ ಮೆಷೀನ್, ಹೌದು ಅನ್ನಿ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಹೋದ ತಕ್ಷಣ ತಂತಿ ಪರದೆಯಲ್ಲಿ ಲಾಕ್ ಸ್ಕ್ರೀನ್ ಬರುತ್ತದೆ. ಗಾಬರಿ ಬೇಡ, ಅದು ಹಾಗೇ.

ಈಗ ಕೀಬೋರ್ಡ್, ಮೌಸ್ ಟ್ಯಾಬ್‌ಗೆ ಜೋಡಿಸಿಕೊಳ್ಳಬಹುದು, ಬ್ಲೂಟೂತೂ ನಡೆಯುತ್ತದೆ. ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶ ಬಳಸುವವರು ಟ್ಯಾಬ್‌ನ ಕೀಬೋರ್ಡ್ ಭಾಷೆ ಇಂಗ್ಲಿಷ್‌ನಲ್ಲೇ ಇಟ್ಟು, ಕನ್ನಡಕ್ಕೆ ಬದಲಾಗುವುದನ್ನು ಸಿಪಿಯುನ ನುಡಿಗೇ ಬಿಡಿ. ಎರಡೂ ಕಡೆ ಕನ್ನಡ ಆನ್ ಮಾಡಿದರೆ ಬರುವ ಅಕ್ಷರಗಳನ್ನು ಯಾರೂ ಓದಲಾರರು. ಪರದೆ ಮೇಲೆ ಬೆರಳಲ್ಲಿ ಒತ್ತುವ ಕೀಬೋರ್ಡ್‌ಗಿಂತ ನಿಜವಾದ ಕೀಬೋರ್ಡ್ ಇದಕ್ಕೆ ವಾಸಿ.

## ಹಂತ 7: ಈಗ ಪರದೆ ಕೀಳಿ

ಸಿಪಿಯು ಶಟ್‌ಡೌನ್ ಮಾಡಿ, ಎಚ್‌ಡಿಎಂಐ ಕಿತ್ತು, ಮತ್ತೆ ಆನ್ ಮಾಡಿ. ಎರಡು ಮೂರು ನಿಮಿಷ ಬಿಟ್ಟು ಟ್ಯಾಬ್‌ನಿಂದ ಪ್ರಯತ್ನಿಸಿ.

ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಆದರೆ ಏನೂ ಬದಲಾಗಲ್ಲ. ವಿಎನ್‌ಸಿ, ಕ್ರೋಮ್, ಸನ್‌ಶೈನ್ ಬಳಸುವವರಿಗೆ ಇಲ್ಲಿ ಪೆಟ್ಟು ಬೀಳಬಹುದು. ಪರದೆ ಕಪ್ಪು, ಅಥವಾ ಡೆಸ್ಕ್‌ಟಾಪ್ ಹಳೇ ಕಾಲದ 640×480 ಅಳತೆಗೆ ಕುಗ್ಗಿ ಐಕಾನ್‌ಗಳೆಲ್ಲ ಲಾಡು ಗಾತ್ರ. ಕಾರಣ ಇಷ್ಟೇ: ಇವು ಇರುವ ಪರದೆಯನ್ನು ನಕಲು ಮಾಡಿ ಕಳಿಸುವಂಥವು, ಇಲ್ಲದ ಪರದೆಯನ್ನು ನಕಲು ಮಾಡುವುದು ಹೇಗೆ? ಡಮ್ಮಿ ಪ್ಲಗ್ ಅಂತ ಹೆಬ್ಬೆರಳು ಗಾತ್ರದ ಎಚ್‌ಡಿಎಂಐ ಬಿರಡೆ ಸಿಗುತ್ತದೆ, ಅದನ್ನು ಸಿಕ್ಕಿಸಿದರೆ ಸಿಪಿಯು ಮಾನಿಟರ್ ಇದೆ ಅಂತಲೇ ನಂಬುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬಿರಡೆಯೂ ಅದಕ್ಕೇ.

## ಹಂತ 8: ಕರೆಂಟ್ ತೆಗೆದು ನೋಡಿ

ಮಾನಿಟರ್ ಬೇರೆಯವರಿಗೆ ಕೊಡುವ ಮೊದಲು ಇದನ್ನು ಮಾಡಿ. ಸಿಪಿಯು ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ತೆಗೆಯಿರಿ, ರೂಟರ್‌ದೂ ಸೇರಿಸಿ. ಒಂದು ನಿಮಿಷ ಬಿಟ್ಟು ಎರಡನ್ನೂ ಒಟ್ಟಿಗೇ ಹಾಕಿ. ಪವರ್ ಬಟನ್ ಮುಟ್ಟಬೇಡಿ. ಸಿಪಿಯು ತಾನೇ ಎದ್ದು, ಟ್ಯಾಬ್‌ನಿಂದ ಅದೇ ಐಪಿಯಲ್ಲಿ ಸಿಗಬೇಕು.

ಸಿಗದಿದ್ದರೆ ಐದಾರು ನಿಮಿಷ ಕಾಯಿರಿ. ರೂಟರ್ ಏಳುವುದು ನಿಧಾನ, ಅಷ್ಟರಲ್ಲಿ ಸಿಪಿಯು ಎದ್ದು ಐಪಿ ಸಿಗದೆ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು ಕೂತಿರುತ್ತದೆ. ವಿಂಡೋಸ್ ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತದೆ. ರೂಟರ್ ಅನ್ನು ಇನ್ವರ್ಟರ್ ಲೈನ್‌ಗೆ ಹಾಕಿದರೆ ಈ ಗೋಳೇ ಇಲ್ಲ.

ಇನ್ನೊಂದು ಪರೀಕ್ಷೆ: ಶಟ್‌ಡೌನ್ ಮಾಡಿ, ಟ್ಯಾಬ್‌ನಲ್ಲಿ ವೇಕ್ ಆನ್ ಲ್ಯಾನ್ ಆ್ಯಪ್‌ಗೆ ಮ್ಯಾಕ್ ವಿಳಾಸ ಕೊಟ್ಟು ಎಬ್ಬಿಸಿ. ಏಳಲಿಲ್ಲವಾದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಲ್ಯಾನ್ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ನೋಡಿ.

## ಪರದೆ ಕಪ್ಪಾದ ದಿನ

ಮೊದಲು ಸಿಪಿಯು ಬದುಕಿದೆಯೋ ಇಲ್ಲವೋ ತಿಳಿದುಕೊಳ್ಳಿ. ಲೈಟ್ ಇರುವ ತಂತಿ ಕೀಬೋರ್ಡ್ ಸಿಕ್ಕಿಸಿ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಮೆಷೀನ್ ಎದ್ದಿದೆ, ಚಿತ್ರ ಅಥವಾ ನೆಟ್ ಮಾತ್ರ ಇಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ, ಅಷ್ಟಕ್ಕೇ ಎಷ್ಟೋ ಸಲ ಸರಿಹೋಗುತ್ತದೆ. ದೀಪ ಅಲುಗಾಡದಿದ್ದರೆ ಮೆಷೀನ್ ನಿಂತಿದೆ ಅಂತಲೇ ತಿಳಿಯಿರಿ. ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಕ್ಯಾಪ್ಚರ್ ಡಾಂಗಲ್ ಹಾಕಿ ಎರಡನೇ ಹಂತದ ಕ್ರಮದಲ್ಲಿ ಎಬ್ಬಿಸಿ.

ಲ್ಯಾನ್ ಕಿಂಡಿಯ ಪಕ್ಕದ ಚಿಕ್ಕ ದೀಪವೂ ಹೇಳುತ್ತದೆ. ಅದು ಉರಿಯದಿದ್ದರೆ ಕೇಬಲ್ ನೋಡಿ. ಮಿನುಗುತ್ತಿದ್ದರೂ ಕನೆಕ್ಟ್ ಆಗದಿದ್ದರೆ ಐಪಿ ಅಥವಾ ಫೈರ್‌ವಾಲ್. ಸಂಜೆಯಿಂದ ಸರಿಯಿದ್ದದ್ದು ಬೆಳಗ್ಗೆ ಸಿಗದಿದ್ದರೆ ರಾತ್ರಿ ಅಪ್‌ಡೇಟ್ ಆಗಿರಬಹುದು, ಅರ್ಧ ಗಂಟೆ ಬಿಡಿ, ನಡುವೆ ಸ್ವಿಚ್ ತೆಗೆಯಬೇಡಿ.

ಕ್ಯಾಪ್ಚರ್ ಕಾರ್ಡ್‌ನಲ್ಲಿ ಎಲ್ಲವೂ ಕಂಡು ಸಿನಿಮಾ ಆ್ಯಪ್ ಮಾತ್ರ ಕಪ್ಪಾದರೆ ಅದು ಕೆಟ್ಟದ್ದಲ್ಲ, ಎಚ್‌ಡಿಸಿಪಿ ಅನ್ನುವ ನಕಲು ತಡೆ. ಸಿನಿಮಾ ಟ್ಯಾಬ್‌ನಲ್ಲೇ ನೋಡಿ.

## ಮನೆಯಿಂದ ಹೊರಗಿದ್ದಾಗ

ಮಂಡ್ಯದಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಮನೆಯ ಸಿಪಿಯುವನ್ನು ದಾರಿಯಲ್ಲೇ ತೆರೆಯುವುದು ಹೇಗೆ ಅಂತ ಕೇಳುತ್ತಾರೆ. ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ (ಹೊರಗಿನಿಂದ ಬರುವ ಬಾಗಿಲು) ತೆರೆದಿಡುವ ಸಲಹೆ ಎಲ್ಲಾದರೂ ಕಂಡರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ಪೋರ್ಟ್ ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಿರುವ ಹಳೇ ಮೆಷೀನ್ ಆದರಂತೂ ಸುತರಾಂ ಬೇಡ.

ಟೇಲ್‌ಸ್ಕೇಲ್ ಅನ್ನುವ, ನಿಮ್ಮ ಸಾಧನಗಳ ನಡುವೆಯೇ ಖಾಸಗಿ ನೆಟ್‌ವರ್ಕ್ ಮಾಡುವ ಆ್ಯಪ್ ಅನ್ನು ಸಿಪಿಯುಗೂ ಟ್ಯಾಬ್‌ಗೂ ಹಾಕಿ, ಒಂದೇ ಅಕೌಂಟ್‌ನಲ್ಲಿ ಲಾಗಿನ್ ಆಗಿ. ವೈಯಕ್ತಿಕ ಬಳಕೆಗೆ ಉಚಿತ, ಪೋರ್ಟ್ ತೆರೆಯುವ ಕೆಲಸ ಇಲ್ಲ. 100ರಿಂದ ಶುರುವಾಗುವ ಒಂದು ಐಪಿ ಕೊಡುತ್ತದೆ, ಟ್ಯಾಬ್‌ನ ವಿಂಡೋಸ್ ಆ್ಯಪ್‌ಗೆ ಅದನ್ನೇ ಕೊಡಿ. ಸಿಪಿಯುನಲ್ಲಿ ಅದರ "ರನ್ ಅನ್‌ಅಟೆಂಡೆಡ್" ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಯಾರಾದರೂ ಲಾಗಿನ್ ಆಗುವವರೆಗೆ ಅದು ಏಳಲ್ಲ. ಒಂದು ಮಿತಿ ಇದೆ: ಆಫ್ ಆಗಿರುವ ಸಿಪಿಯುವನ್ನು ಟೇಲ್‌ಸ್ಕೇಲ್ ಎಬ್ಬಿಸಲಾರದು, ಎಬ್ಬಿಸುವ ಸಿಗ್ನಲ್ ಮನೆಯ ನೆಟ್‌ವರ್ಕ್ ಒಳಗಿನಿಂದಲೇ ಹೊರಡಬೇಕು. ಹೊರಗೆ ಹೋಗುವ ದಿನ ಶಟ್‌ಡೌನ್ ಮಾಡದೆ ಹೋಗಿ, ರಿಮೋಟ್‌ನಿಂದ ಹೊರಬರುವಾಗಲೂ ಡಿಸ್‌ಕನೆಕ್ಟ್ ಒತ್ತಿ, ಶಟ್‌ಡೌನ್ ಅಲ್ಲ.